‘ಹೊಟ್ಟಿ ಕಡಿತೈತ್ರಿ ಅಕ್ಕೋರ’ ಅಂದಿದ್ಲು ಹುಡುಗಿ, ನಾ ಅಜವಾನ ಕೊಟ್ಟೆ

ಹೋದ ತಿಂಗಳ ಗುಳೇದಗುಡ್ಡದಾಗ ಸ್ತ್ರೀ ಶಕ್ತಿ ಸಂಘದ ಹೆಣ್ಮಕ್ಕಳು, ಒಂದಿಷ್ಟು ಅಂಗನವಾಡಿ ಟೀಚರ್‌ಗಳು, ಸಾಲಿ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮಂದಿ ಎಲ್ಲಾ ಕೂಡಿ ನನ್ನ ಕರೆಸಿದ್ರು, ಮಕ್ಕಳ ಮ್ಯಾಲಿನ ದೌರ್ಜನ್ಯದ ಬಗ್ಗೆ ನಾಕ ಮಾತ ಹೇಳ್ರಿ ಅಕ್ಕೋರ ಅಂತ. ನನ್ನ ತಂಗಿ ಮಗಳು ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊಂಡಿದ್ಲು, ಅದನ್ನ ಕೇಳಿ ಕೇಳಿ ಇಲ್ಲಿ ಟೈಪ್ ಮಾಡೇನಿ. ಕೆಮ್ಮಿದ್ದು, ಮೈಕ್ ಕುಂಯ್ ಅಂದಿದ್ದು, ನಡುವ ಕರೆಂಟ್ ಹೋಗಿದ್ದು ಎಲ್ಲಾ ತಗದೀನಿ, ಉಳಿದದ್ದು ಮಾತಾಡಿದ್ಹಂಗ ಐತಿ. ಬರವಣಿಗಿ ನೀಟ್ ಇಲ್ಲ ಅಂತ ಬೈಬ್ಯಾಡ್ರಿ, ಮೂವತ್ತು ವರ್ಷ ಕನ್ನಡ ಸಾಲಿಯೊಳಗ ಇದ್ದಾಕಿ ನಾ, ಬೋರ್ಡ್ ಮ್ಯಾಲೆ ಮಾತ್ರ ನೀಟಾಗಿ ಬರೀತೀನಿ.

ಮೊದಲ, ಹೊರಗ ಚಾ ಕುಡ್ಕೋತ ನಿಂತ ಗಂಡಸರ ಒಳಗ ಬರ್ರಿ. ಇದು ಹೆಣ್ಮಕ್ಕಳ ಮೀಟಿಂಗ್ ಅಂತ ಯಾರು ಹೇಳಿದ್ರು ನಿಮಗ? ಬರ್ರಿ, ಜಮಖಾನಿ ಮ್ಯಾಲೆ ಜಾಗಾ ಐತಿ. ಹಾಂ, ಕುಂದ್ರ್ರಿ.

ನಿಮ್ಮನ್ನ ಒಂದು ಕೇಳ್ತೀನಿ. ಮಕ್ಕಳಿಗೆ ಅಪಾಯ ಅಂದ ಕೂಡಲೇ ನಿಮ್ಮ ಕಣ್ಮುಂದ ಯಾರು ಬರ್ತಾರ? ಚೀಲಾ ಹಿಡ್ಕೊಂಡಾಂವ, ಹಿಂದಿ ಮಾತಾಡಾಂವ, ಕಾರಿನ್ಯಾಗ ಚಾಕಲೇಟ್ ತೋರ್ಸಾಂವ, ಹೌದಿಲ್ಲೊ? 2018ರಾಗ ವಾಟ್ಸಾಪ್‌ನ್ಯಾಗ ಮಕ್ಕಳ ಕಳ್ಳರು ಬಂದಾರ ಅಂತ ಸುದ್ದಿ ಹಬ್ಬಿತ್ತಲ್ರಿ, ಆವಾಗ ಬೀದರ್ ಜಿಲ್ಲೆ ಮುರ್ಕಿ ಊರಾಗ ಹೈದರಾಬಾದಿನ ಹುಡುಗನ್ನ ಮಂದಿ ಕೂಡಿ ಬಡದು ಕೊಂದ್ರು, ಸಾಫ್ಟ್‌ವೇರ್ ಕೆಲಸ ಮಾಡಾಂವ ಅಂವ, ಅವನೂ ಅವನ ಗೆಳ್ಯಾರೂ ದಾರ್ಯಾಗ ಸಾಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ರು ಅನ್ನೂದಷ್ಟ ನೆಪ. ಗುರುತಿಲ್ಲದಾಂವ ಅಂದ್ರ ನಮಗ ಅಷ್ಟು ಸಿಟ್ಟು. ಗುರುತಿದ್ದಾಂವ ಅಂದ್ರ? ಅವಂಗ ಕಪ್ಪು ಬಸಿ ತುಂಬ ಚಾ ಕೊಡ್ತೀವಿ.

ದೇಶದ ಅಪರಾಧದ ಲೆಕ್ಕಾ ಬರಿಯಾವ್ರು ಎನ್‌ಸಿಆರ್‌ಬಿಯವ್ರು. ಅವರ ಪುಸ್ತಕದಾಗ ಗಂಭೀರ ಪೋಕ್ಸೊ ಕೇಸುಗಳನ್ನ, ಅಂದ್ರ ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೂ ಕಾಯ್ದೆದಾಗ ಹಾಕಿದ ಕೇಸುಗಳನ್ನ, ನೋಡಿದ್ರ ನೂರಕ್ಕ 90ಕ್ಕಿಂತ ಹೆಚ್ಚಿನ್ಯಾಗ ಆರೋಪಿ ಆ ಮಗುವಿಗೆ ಗುರುತಿನಾಂವನ. ಅದರಾಗ ಲವ್ ಅಂತ ಓಡಿಹೋದ ಕೇಸೂ ಸೇರ್ಯಾವು, ಅದು ಬ್ಯಾರೆ ಮಾತು, ಆದ್ರೂ ಮನಿ ಮಂದಿ, ಬೀಗರು, ಬಾಜೂ ಮನಿಯಾಂವ, ಟ್ಯೂಷನ್ ಹೇಳಾಂವ, ಸಾಲಿ ಗಾಡಿ ಹೊಡ್ಯಾಂವ, ಹೌದು, ಸಾಲಿ ಮಾಸ್ತರನೂ, ಎಲ್ಲಾರೂ ಆ ಪಟ್ಟಿಯೊಳಗ ಅದಾರ. ಯಾಕ ಅಂದ್ರ ಕೂಸಿನ ಹತ್ರ ಹೋಗಾಕ ಪರ್ಮಿಶನ್ ಇರೂದು ಅವ್ರಿಗಷ್ಟ. ಅಂವ ಮೊದಲ ಗೆಲ್ಲೂದು ಕೂಸಿನ ವಿಶ್ವಾಸ ಅಲ್ರಿ, ಅವ್ವ ಅಪ್ಪನ ವಿಶ್ವಾಸ. ಭಾಳ ಚಲೋ ಮನುಷ್ಯಾ, ಕೂಸು ಅಂದ್ರ ಪ್ರಾಣ ಅವಂಗ, ಅಂತ ನಿಮ್ಮ ಬಾಯಾಗಿಂದನ ಹೇಳಿಸ್ಕೊಂಡಿರ್ತಾನ.

ಈಗ ನಂದ ಒಂದು ಹೇಳ್ತೀನಿ. ಊರು, ಇಸವಿ, ಕ್ಲಾಸು ಎಲ್ಲಾ ಬದ್ಲ ಮಾಡೇನಿ, ಯಾರು ಅಂತ ಹುಡುಕಾಕ ಹೋಗಬ್ಯಾಡ್ರಿ.

ನಾಕನೇತ್ತಾ ಹುಡುಗಿ. ಚೂಟಿ ಇದ್ಲು, ಮಗ್ಗಿ ಇಪ್ಪತ್ತರ ತನಕ ಬರ್ತಿತ್ತು. ದೀಪಾವಳಿ ಸೂಟಿ ಮುಗಿಸ್ಕೊಂಡು ಬಂದ ಮ್ಯಾಲೆ ಏನೋ ಆತು. ಮಧ್ಯಾಹ್ನದ ಮ್ಯಾಲೆ, ಅದೂ ಕಡೀ ಗಂಟಿ ಹೊಡಿಯಾಕ ಬಂದಾಗ, ನನ್ನ ಟೇಬಲ್ ಹತ್ರ ಬಂದು ನಿಂದರಾಕಿ, ‘ಹೊಟ್ಟಿ ಕಡಿತೈತ್ರಿ ಅಕ್ಕೋರ’ ಅನ್ನಾಕಿ. ನಾ ಪರ್ಸಿನ್ಯಾಗ ಅಜವಾನ ಇಟ್ಕೊಂಡಿರ್ತಿದ್ದೆ, ಒಂದು ಚಿಟಿಗಿ ಉಪ್ಪು ಹಚ್ಚಿ ಕೊಡ್ತಿದ್ದೆ, ಮನಿಗೆ ಹೋಗಿ ಮಕ್ಕೋ ಅಂತಿದ್ದೆ. ಮನಿಗೆ ಹೋಗು ಅಂದ ಕೂಡಲೇ ಆಕಿ ಮಾರಿ ಹ್ಯಾಂಗ ಆಗ್ತಿತ್ತು ಅನ್ನೂದು ನನಗ ಈಗ ನೆನಪಾಗ್ತೈತಿ, ಆವಾಗ ಕಣ್ಣಿಗೆ ಬಿದ್ದಿದ್ದಿಲ್ಲ. ಶನಿವಾರ ಮುಂಜಾನಿ ಸಾಲಿ ಬಿಟ್ಟ ಮ್ಯಾಲೂ ಪಾವಟಿಗಿ ಮ್ಯಾಲೆ ಕುಂತಿರಾಕಿ, ಸಿಪಾಯಿ ಬಂದು ಎಬ್ಬಿಸೂ ತನಕ. ಜನವರಿ ಹೊತ್ತಿಗೆ ಬರಿಯೂದು ಬಿಟ್ಲು. ಒಂದಿನ ಕ್ಲಾಸಿನ್ಯಾಗ ಕುಂತಲ್ಲೇ ಒಂದಾ ಮಾಡ್ಕೊಂಡ್ಲು, ಹುಡುಗರೆಲ್ಲಾ ನಕ್ರು, ನನಗ ಸಿಟ್ಟು ಬಂತು, ಇಷ್ಟು ದೊಡ್ಡಾಕಿ ಆಗಿ ತಿಳಿಯೂದಿಲ್ಲೇನ ಅಂತ ಅಂಗೈ ಮ್ಯಾಲೆ ಎರಡು ಕೊಟ್ಟೆ. ಛಡಿ ಛಂ ಛಂ ವಿದ್ಯಾ ಘಂ ಘಂ ಅಂತ ಕಲ್ತ ಪೀಳಿಗಿ ನಮ್ದು. ಆಕಿ ಅಳಲಿಲ್ಲ. ಅಳದ ಕೂಸನ್ನ ನೋಡಿ ನಾ ಮೊಂಡ ಐತಿ ಅಂತ ತಿಳ್ಕೊಂಡೆ.

ಮುಂದಿನ ವರ್ಷ ಟಿಸಿ ತಗೊಂಡು ಹೋದ್ರು. ಮರತೂ ಬಿಟ್ಟೆ.

ಭಾಳ ವರ್ಷ ಆದ ಮ್ಯಾಲೆ ಬನಶಂಕರಿ ಜಾತ್ರ್ಯಾಗ ಬಳಿ ಅಂಗಡಿ ಮುಂದ ಒಬ್ಬಾಕಿ ಬಂದು ಕಾಲಿಗೆ ಬಿದ್ಲು, ಬಗಲಾಗ ಕೂಸು. ಗುರುತು ಸಿಗಲಿಲ್ಲ, ಹೆಸರು ಹೇಳಿದ ಮ್ಯಾಲೆ ಸಿಕ್ತು. ಇಬ್ರೂ ಒಂದು ಕಡೆ ಕುಂತ್ವಿ, ಆಕಿ ತಾನಾಗಿ ಎಲ್ಲಾ ಹೇಳಿದ್ಲು, ಮನಿಯವರ ಪೈಕಿನ ಒಬ್ಬಾಂವ, ಅವ್ವ ಕೆಲಸದಿಂದ ಬರೂದ್ರೊಳಗ, ಎರಡು ವರ್ಷ. ನಾ ಅಂದೆ, ಯವ್ವಾ, ನನಗರ ಒಂದು ಮಾತು ಹೇಳಬೇಕಿಲ್ಲ ನೀ. ಆಕಿ ನನ್ನ ಮಾರಿ ನೋಡಿ, ಸಿಟ್ಟಿಲ್ಲದನ, ‘ಹೇಳಿದ್ದೆಲ್ರಿ ಅಕ್ಕೋರ, ದಿನಾ ಹೇಳ್ತಿದ್ದೆ, ಹೊಟ್ಟಿ ಕಡಿತೈತಿ ಅಂತ’ ಅಂದ್ಲು.

ಅವತ್ತು ಜಾತ್ರ್ಯಾಗ ತೇರು ನೋಡಲಿಲ್ಲ ನಾ, ಹಂಗ ಮನಿಗೆ ಬಂದೆ. ಈ ಭಾಷಣಾ ಮಾಡಾಕ ಶುರು ಮಾಡಿದ್ದು ಅದರ ಮ್ಯಾಲೆ.

ಅಂದ್ರ ಏನ್ರಿ, ಕೂಸು ಹೇಳೇ ಹೇಳತೈತಿ. ನಮ್ಮ ಭಾಷಾದಾಗ ಹೇಳಂಗಿಲ್ಲ ಅಷ್ಟ. ಒಂಬತ್ತು ವರ್ಷದ ಕೂಸಿಗೆ ಆ ಸಂಗತಿಗೆ ಶಬ್ದನ ಇಲ್ಲ, ನಾವು ಕಲಿಸಿಲ್ಲ. ಕಣ್ಣು, ಮೂಗು, ಕಿವಿ ಹೇಳಿಸ್ತೀವಿ, ಟೊಂಕದ ಕೆಳಗ ಬಂದ್ರ ‘ಶೇಮ್ ಶೇಮ್’ ಅಂತೀವಿ. ಹೆಸರ ಇಲ್ಲದ ಜಾಗಾದ ಬಗ್ಗೆ ಅದು ದೂರು ಹ್ಯಾಂಗ ಕೊಡಬೇಕು? ಅದಕ್ಕ ಹೊಟ್ಟಿ ಕಡಿತೈತಿ, ತಲಿ ನೋಯ್ತೈತಿ, ಆ ಮಾಮಾನ ಗಾಡಿ ಬ್ಯಾಡ, ಮುತ್ಯಾನ ಮನಿಗೆ ನಾ ಬರಂಗಿಲ್ಲ, ಹಿಂಗ ಹೇಳತೈತಿ.

ಗುರುತು ಹಿಡಿಯೂದು ಹ್ಯಾಂಗ ಅಂತ ಕೇಳ್ತೀರಿ. ಒಂದು ಲಕ್ಷಣಾ ಹಿಡ್ಕೊಂಡು ಹಿಂಗ ಆಗೈತಿ ಅಂತ ಹೇಳಾಕ ಬರಂಗಿಲ್ಲ, ಅದನ್ನ ಮೊದಲ ತಲ್ಯಾಗ ಇಟ್ಕೋರಿ, ಹಾಸಿಗ್ಯಾಗ ಒಂದಾ ಮಾಡೂ ಎಲ್ಲಾ ಕೂಸಿಗೂ ಏನೋ ಆಗೈತಿ ಅಂತ ಊರ ತುಂಬ ಡಂಗುರಾ ಹೊಡಿಬ್ಯಾಡ್ರಿ. ನೋಡಬೇಕಾದ್ದು ಬದಲಾವಣಿ. ನಿನ್ನಿ ತನಕ ಹಂಗಿದ್ದ ಕೂಸು ಇವತ್ತು ಯಾಕ ಹಿಂಗಾತು ಅನ್ನೂದು. ಒಂದಾ ಹಾಸಿಗ್ಯಾಗ ಮಾಡೂದು ಬಿಟ್ಟು ಮೂರು ವರ್ಷ ಆಗಿದ್ದು ಮತ್ತ ಶುರುವಾತು, ರಾತ್ರಿ ಚಿಟ್ಟನ ಚೀರಿ ಏಳತೈತಿ, ಒಬ್ಬ ಮನುಷ್ಯಾ ಬಂದ್ರ ಅಷ್ಟ ಅವ್ವನ ಸೆರಗಿನ್ಯಾಗ ಹೊಕ್ಕೊತೈತಿ, ಓದಿನ್ಯಾಗ ಧಡಕ್ಕನ ಹಿಂದ ಬಿತ್ತು, ಊಟ ಬಿಡ್ತು, ಇಲ್ಲಾಂದ್ರ ತಿಂದಿದ್ದ ತಿನ್ನತೈತಿ, ವಯಸ್ಸಿಗೆ ಮೀರಿದ ಮಾತು, ಮೀರಿದ ಆಟ ಗೊಂಬಿ ಜೋಡಿ ಆಡತೈತಿ, ಯಾರೋ ಕೊಟ್ಟ ಹೊಸಾ ವಾಚು, ರೊಕ್ಕಾ, ರಿಚಾರ್ಜು ಎಲ್ಲಿಂದ ಬಂತು ಅಂದ್ರ ಹೇಳಂಗಿಲ್ಲ. ಕೂಡಾಕ ನಡಿಯಾಕ ತ್ರಾಸ ಆಗೂದು, ಒಳ ಅರಿವಿಗೆ ರಕ್ತದ ಕಲೆ, ಒಂದಕ್ಕ ಹೋದಾಗ ಉರಿ, ಇವು ಕಂಡ್ರ ಮಾತ್ರ ತಡಾ ಮಾಡೂ ಹಂಗಿಲ್ಲ, ದವಾಖಾನಿಗೆ ಹೋಗೂದ.

ಇನ್ನ ಹೊಡತದ ಗುರುತು. ಆಡೂ ಹುಡುಗರಿಗೆ ಪೆಟ್ಟು ಎಲ್ಲಿ ಬೀಳ್ತಾವ ಹೇಳ್ರಿ? ಮೊಣಕಾಲು, ಮೊಣಕೈ, ಹಣಿ. ಬೆನ್ನು, ಕಿವಿ, ಕುತಿಗಿ, ತೊಡಿ ಒಳಗಿನ ಕಡೆ ಆಟದಾಗ ಯಾರೂ ಬೀಳಂಗಿಲ್ಲ. ಬೆಲ್ಟಿನ ಅಗಲದ ಬರಿ, ಬೀಡಿ ಚುಚ್ಚಿದಂಗ ಗುಂಡಗಿನ ಸುಟ್ಟ ಕಲೆ, ಒಂದು ಹಳೇದು ಒಂದು ಹೊಸಾದು ಒಂದ ಮೈ ಮ್ಯಾಲೆ, ಕೇಳಿದ್ರ ಅವ್ವ ಒಂದು ಹೇಳ್ತಾಳ ಅಪ್ಪ ಒಂದು ಹೇಳ್ತಾನ. ಇನ್ನೂ ಅಂಬೆಗಾಲು ಹಾಕದ ಕೂಸಿನ ಮೈ ಮ್ಯಾಲೆ ಪೆಟ್ಟು ಕಂಡ್ರ ಅಂಗನವಾಡಿಯವ್ರು, ಆಶಾದವ್ರು ಸುಮ್ನಿರಬ್ಯಾಡ್ರಿ, ಅದು ತಾನಾಗಿ ಎಲ್ಲಿ ಹೋಗಿ ಬಿದ್ದೀತು?

ಹೊಡಿಯೂದನ್ನ ನಾವು ದೌರ್ಜನ್ಯದ ಲೆಕ್ಕಕ್ಕ ಹಿಡಿಯೂದನ ಇಲ್ಲ, ಅದು ನಮ್ಮ ದೊಡ್ಡ ರೋಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮ್ಯಾಲೆ ಸಾಲಿಯೊಳಗ ಹೊಡಿಯೂ ಹಂಗೂ ಇಲ್ಲ, ಮನಸಿಗೆ ಚುಚ್ಚೂ ಹಂಗ ಬೈಯೂ ಹಂಗೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಮನಿಯವ್ರಿಗೂ ಅನ್ವಯ ಆಗತೈತಿ, ಮಗುವನ್ನ ಕಾಯಬೇಕಾದಾಂವನ ಅದಕ್ಕ ಹಿಂಸಾ ಕೊಟ್ರ, ಅನ್ನ ನೀರು ನೋಡದ ಬಿಟ್ರ, ಮೂರು ವರ್ಷದ ತನಕ ಜೈಲು. ಇಲ್ಲಿ ಒಬ್ರು ಅಜ್ಜಾರು ನಗಾಕತ್ತಾರ, ‘ಹಂಗಾದ್ರ ಊರೆಲ್ಲಾ ಜೈಲಿನ್ಯಾಗ ಇರ್ಬೇಕಾಗ್ತೈತಿ’ ಅಂತ. ಹೌದ್ರಿ ಅಜ್ಜಾರ, ನಾನೂ ಇರ್ಬೇಕಾಗ್ತಿತ್ತು.

ಗಂಡು ಹುಡುಗರ ಮಾತು ಯಾರೂ ಎತ್ತಂಗಿಲ್ಲ. 2007ರಾಗ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆಯವ್ರು 13 ರಾಜ್ಯದಾಗ 12,447 ಮಕ್ಕಳನ್ನ ಕೇಳಿ ಒಂದು ವರದಿ ತಂದ್ರು, ಅರ್ಧಕ್ಕಿಂತ ಹೆಚ್ಚು, 53.22 ಪರ್ಸೆಂಟ್ ಮಕ್ಕಳು ಒಂದಿಲ್ಲ ಒಂದು ರೀತಿ ಲೈಂಗಿಕ ದೌರ್ಜನ್ಯ ಆಗೈತಿ ಅಂದಿದ್ರು, ಅದರಾಗ ಗಂಡು ಹುಡುಗರ ಪಾಲು ಹುಡುಗ್ಯಾರಿಗಿಂತ ಒಂದು ಕೈ ಮ್ಯಾಲೇ ಇತ್ತು. ನಾವು ಹುಡುಗ ಹೇಳಾಕ ಬಂದ್ರ ಏನಂತೀವಿ? ಗಂಡಸಾಗಿ ಅಳ್ತಿಯೇನಲೇ. ಗೆಳ್ಯಾರು ನಗ್ತಾರ. ಕಾಯ್ದೆಗೆ ಆ ಭೇದ ಇಲ್ಲ, 18 ತುಂಬದ ಯಾರಾದ್ರೂ ಪೋಕ್ಸೊದಾಗ ಮಗುನ.

ನಮ್ಮ ಕಡೆ ಇನ್ನೊಂದೈತಿ. ಗೋವಾಕ್ಕ, ಮಂಗಳೂರಿಗೆ, ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ ದುಡಿಯಾಕ ಹೋಗೂ ಮಂದಿ ಮಕ್ಕಳನ್ನ ಆಯಿ ಮುತ್ಯಾನ ಹತ್ರ ಬಿಟ್ಟು ಹೋಗ್ತಾರ, ಆಯಿಗೆ ಕಣ್ಣು ಕಾಣಂಗಿಲ್ಲ, ಮುತ್ಯಾಗ ಕಿವಿ ಕೇಳಂಗಿಲ್ಲ, ಕೂಸಿನ ಕೈಯಾಗ ಅಪ್ಪ ಕಳಿಸಿದ ಮೊಬೈಲ್. ಆ ಮೊಬೈಲಿನ್ಯಾಗ ಯಾರೋ ಫೋಟೋ ಕಳಸು ಅಂತಾನ, ಒಂದು ಕಳಿಸಿದ್ರ ಮುಗೀತು, ಇನ್ನೊಂದು ಕಳಸು ಇಲ್ಲಾಂದ್ರ ಗ್ರೂಪಿಗೆ ಹಾಕ್ತೀನಿ ಅಂತಾನ. ಅದೂ ಪೋಕ್ಸೊ ಅಪರಾಧ. ಆವಾಗ ಮೊಬೈಲ್ ಕಸ್ಕೊಂಡು ಹೊಡದ್ರ ಅಂವ ಗೆದ್ದಂಗ. ಮೆಸೇಜ್ ಡಿಲೀಟ್ ಮಾಡಬ್ಯಾಡ್ರಿ, ನಂಬರ್ ಕಾಣೂ ಹಂಗ ಇಟ್ಕೊಂಡು ಸ್ಟೇಷನ್ನಿಗೆ ಹೋಗ್ರಿ, ಇಲ್ಲಾಂದ್ರ 1930ಕ್ಕ ಹಚ್ರಿ, ಸೈಬರ್ ಕ್ರೈಂ ನಂಬರ್ ಅದು.

ಮತ್ತ ಮದುವಿ. ಹುಡುಗಿ ಯಾರ ಜೋಡಿಯೋ ಮಾತಾಡಿದ್ಲು, ಹೆಸರು ಕೆಡತೈತಿ ಅಂತ ಹದಿನೈದಕ್ಕ ಸೋದರಮಾವಗ ಕಟ್ಟೂದು. ಇದು ರಕ್ಷಣಾ ಅಂತ ಅನಸತೈತಿ ನಿಮಗ. ಕರ್ನಾಟಕದಾಗ 2016ರ ತಿದ್ದುಪಡಿ ಮ್ಯಾಲೆ ಬಾಲ್ಯವಿವಾಹ ಮೊದಲಿಂದನ ಅಸಿಂಧು, ತಾಳಿ ಕಟ್ಟಿದ್ರೂ ಕಟ್ಟಿದಂಗಲ್ಲ. 2017ರಾಗ ಸುಪ್ರೀಂ ಕೋರ್ಟು ಹೇಳಿದ ಮ್ಯಾಲೆ 18 ತುಂಬದ ಹೆಂಡತಿ ಜೋಡಿ ಸಂಸಾರ ಮಾಡಿದ್ರೂ ಅತ್ಯಾಚಾರನ. ಹುಡುಗ್ಯಾರನ್ನ ದೇವದಾಸಿ ಅಂತ ದೇವರಿಗೆ ಬಿಡೂದಂತೂ 1982ರಾಗ ಬಂದ್ ಮಾಡ್ಯಾರ, ಕದ್ದು ಮುಚ್ಚಿ ಮುತ್ತು ಕಟ್ಟಿದ್ದು ಗೊತ್ತಾದ್ರ ಅದನ್ನೂ ದೌರ್ಜನ್ಯ ಅಂತನ ತಿಳಿಸಬೇಕು.

‘ಗುಡ್ ಟಚ್ ಬ್ಯಾಡ್ ಟಚ್’ ಹೇಳ್ಕೊಡ್ತೀವಲ್ರಿ ಅಕ್ಕೋರ ಅಂತ ಒಬ್ಬ ಟೀಚರ್ ಅಂದ್ರು. ಚಲೋ, ಹೇಳ್ಕೊಡ್ರಿ. ಆದ್ರ ನನ್ನ ತಕರಾರು ಏನಂದ್ರ, ಅಂವ ಮೊದಲ ಮುಟ್ಟಿದ್ದು ಕೂಸಿಗೆ ಕೆಟ್ಟದ್ದು ಅಂತ ಅನಸಂಗನ ಇಲ್ಲ, ಕಚಗುಳಿ ಇಟ್ಟ, ಮುದ್ದು ಮಾಡಿದ, ಪೇಡೆ ಕೊಟ್ಟ. ಅದಕ್ಕ ನಾ ಮಕ್ಕಳಿಗೆ ಬ್ಯಾರೆ ಹೇಳ್ತೀನಿ, ‘ಅವ್ವಗ ಹೇಳಬ್ಯಾಡ’ ಅಂತ ಯಾರಾದ್ರೂ ಅಂದ್ರ ಅವತ್ತ ಅವ್ವಗ ಹೇಳೂದು, ಅದು ಚಾಕಲೇಟ್ ಆಗಿರ್ಲಿ ಮುಟ್ಟೂದ ಆಗಿರ್ಲಿ. ಮತ್ತ ನೀವು ಒಂದು ಬಿಡ್ರಿ. ಕಾಕಾ ಬಂದಾನ ಮುದ್ದು ಕೊಡು, ಮಾಮಾನ ತೊಡಿ ಮ್ಯಾಲೆ ಕುಂದ್ರು, ನಾಚಿಕಿ ಯಾಕ ಕೊಡು ಅಂತ ಜುಲುಮಿ ಮಾಡೂದು. ಕೂಸು ಒಲ್ಲೆ ಅಂದ್ರ ಒಲ್ಲೆ. ಅದರ ಮೈ ಅದರದು. ಬೀಗರಿಗೆ ಸಿಟ್ಟು ಬಂದ್ರ ನಾ ಬಂದು ಸಮಾಧಾನ ಮಾಡ್ತೀನಿ.

ಈಗ ಮುಖ್ಯ ಮಾತಿಗೆ ಬಂದೆ. ಕೂಸು ಬಂದು ಬಾಯಿ ಬಿಡ್ತು ಅಂತ ತಿಳ್ಕೋರಿ, ರೊಟ್ಟಿ ಬಡಿಯಾಕತ್ತೀರಿ, ಹಿಂದ ನಿಂತು ಸಣ್ಣ ದನಿಯಾಗ, ಅವ್ವಾ, ಅಂವ ಹಿಂಗ ಮಾಡ್ದ ಅಂತು. ಮುಂದಿನ ಎರಡು ನಿಮಿಷದಾಗ ನೀವು ಏನಂತೀರಿ ಅನ್ನೂದರ ಮ್ಯಾಲೆ ಆ ಕೂಸು ಮತ್ತ ಜೀವನದಾಗ ಯಾರಿಗರ ಹೇಳತೈತೋ ಇಲ್ಲೋ ನಿಂತಿರತೈತಿ. ‘ನೀ ಯಾಕ ಅಲ್ಲಿ ಹೋಗಿದ್ದಿ’ ಅನಬ್ಯಾಡ್ರಿ. ‘ಸುಳ್ಳ ಹೇಳ್ತಿ’ ಅನಬ್ಯಾಡ್ರಿ. ‘ಅವ್ವನ ಆಣಿ, ಯಾರ ಮುಂದೂ ಹೇಳಬ್ಯಾಡ’ ಅನಬ್ಯಾಡ್ರಿ, ಆ ಮಾತು ಅವನೂ ಅಂದಿರ್ತಾನ. ಎದಿ ಬಡ್ಕೊಂಡು ಅಳಬ್ಯಾಡ್ರಿ, ನೀವು ಅತ್ರ ಅದು ತಾನ ತಪ್ಪು ಮಾಡೇನಿ ಅಂತ ತಿಳ್ಕೊಂಡು ಹೇಳಿದ್ದನ್ನ ವಾಪಸ್ ತಗೊಂತೈತಿ, ಇಲ್ಲವ್ವಾ ಸುಮ್ನ ಅಂದೆ ಅಂತೈತಿ. ರೊಟ್ಟಿ ಹೊತ್ತಿದ್ರ ಹೊತ್ಲಿ. ಕೈ ತೊಳ್ಕೊಂಡು ಬಂದು ಕುಂದ್ರ್ರಿ, ಚಲೋ ಮಾಡ್ದಿ ಹೇಳಿ, ನಿಂದೇನು ತಪ್ಪಿಲ್ಲ, ನಾ ನಂಬ್ತೀನಿ, ಇನ್ನ ನಾ ನೋಡ್ಕೊಂತೀನಿ. ಇಷ್ಟ ಸಾಕು. ಅದು ಹೇಳಿದಷ್ಟು ಕೇಳ್ರಿ, ಕೆದಕಿ ಕೆದಕಿ ಕೇಳಬ್ಯಾಡ್ರಿ, ಆಯಿ ಮುಂದ ಹೇಳು, ಕಾಕಿ ಮುಂದ ಹೇಳು, ಪಂಚರ ಮುಂದ ಹೇಳು ಅಂತ ಹತ್ತು ಸಲ ಹೇಳಿಸಬ್ಯಾಡ್ರಿ. ಹೇಳಿದ್ದನ್ನ ಅದರ ಶಬ್ದದಾಗನ ಒಂದು ಹಾಳ್ಯಾಗ ಬರದು ತಾರೀಖು ಹಾಕಿ ಇಡ್ರಿ. ಇತ್ತೀಚಿನ ಸಂಗತಿ ಇದ್ರ ಮೈ ತೊಳಸೂದು, ಅರಿವಿ ಒಗಿಯೂದು ಬ್ಯಾಡ, ಅರಿವಿ ಪೇಪರಿನ್ಯಾಗ ಸುತ್ತಿ ಇಡ್ರಿ, ಪ್ಲಾಸ್ಟಿಕ್ ಚೀಲದಾಗ ಬ್ಯಾಡ. ತೊಳದಾಗಿದ್ರೂ ಹೋಗ್ರಿ ದವಾಖಾನಿಗೆ, ಇನ್ನ ಏನುಪಯೋಗ ಅಂತ ಕುಂದರಬ್ಯಾಡ್ರಿ. ಮತ್ತ ಮನಿ ಗಂಡಸರು, ಕುಡಗೋಲು ತಗೊಂಡು ಅವನ ಮನಿಗೆ ಹೋಗಬ್ಯಾಡ್ರಿ, ನೀವು ಜೈಲಿಗೆ ಹೋದ್ರ ಕೂಸಿನ ಕೈ ಹಿಡ್ಕೊಂಡು ಕೋರ್ಟಿಗೆ ಹೋಗಾವ್ರು ಯಾರು?

ಆಮ್ಯಾಲೆ ಯಾರಿಗೆ ಹೇಳೂದು. 1098, ಮಕ್ಕಳ ಸಹಾಯವಾಣಿ ನಂಬರ್. ಸಾವಿರದ ತೊಂಬತ್ತೆಂಟು ಅನಬ್ಯಾಡ್ರಿ, ನೆನಪಿರಂಗಿಲ್ಲ, ಹತ್ತು-ಒಂಬತ್ತು-ಎಂಟು ಅನ್ರಿ, ಇಳಿಯೂ ಲೆಕ್ಕ. 1996ರಾಗ ಮುಂಬಯಿಯೊಳಗ ಬೀದಿ ಮಕ್ಕಳ ಸಲುವಾಗಿ ಶುರು ಆದದ್ದು, 2023ರಿಂದ ಮಿಷನ್ ವಾತ್ಸಲ್ಯ ಅನ್ನೂ ಯೋಜನಾದಾಗ ಸರ್ಕಾರನ ನಡಸತೈತಿ, ತುರ್ತು ನಂಬರ್ 112ಕ್ಕೂ ಜೋಡಿಸ್ಯಾರ. ಹಗಲು ರಾತ್ರಿ, ಪುಕ್ಕಟೆ. ಕೂಸ ತಾನ ಹಚ್ಚಬಹುದು, ಬಾಜೂ ಮನಿಯಾಕಿ ಹಚ್ಚಬಹುದು, ಪೂರಾ ಖಾತ್ರಿ ಬೇಕಂತಿಲ್ಲ, ಸಂಶಯ ಸಾಕು, ಖಾತ್ರಿ ಮಾಡೂದು ಅವರ ಕೆಲಸ. ಜೀವಕ್ಕ ಅಪಾಯ ಇದ್ರ ನೆಟ್ಟಗ 112. ಇದರ ಹಿಂದ ಜಿಲ್ಲಾದಾಗ ಮಕ್ಕಳ ಕಲ್ಯಾಣ ಸಮಿತಿ ಅಂತ ಐತಿ, ಒಬ್ರು ಅಧ್ಯಕ್ಷರು ನಾಕ ಮಂದಿ ಸದಸ್ಯರು, ಮನ್ಯಾಗ ಇಡಾಕ ಆಗದ ಕೂಸನ್ನ ಎಲ್ಲಿ ಇಡಬೇಕು ಅಂತ ಆರ್ಡರ್ ಮಾಡೂ ಪವರ್ ಅವರಿಗೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಐತಿ. ಅವರನ್ನ ಕಾಣಾಕ ಬಾಗಲಕೋಟಿ ನವನಗರಕ್ಕ ಹೋಗಿ ಬರೂದು ಅಂದ್ರ ಒಂದಿನದ ಕೂಲಿ ಹೋತು, ಬಸ್ಸಿನ ಖರ್ಚು ಬ್ಯಾರೆ, ಗೊತ್ತೈತಿ ನನಗ. ಅದಕ್ಕ 2020ರ ಪೋಕ್ಸೊ ನಿಯಮದಾಗ ಊಟ, ಅರಿವಿ, ಓಡಾಟದ ಖರ್ಚಿಗೆ ತಕ್ಷಣದ ಸಹಾಯ ಕೊಡಿಸಾಕ ಆ ಸಮಿತಿಗೆ ಅವಕಾಶ ಇಟ್ಟಾರ, ಬಾಯಿಬಿಟ್ಟು ಕೇಳ್ರಿ, ಕೇಳದ ಯಾರೂ ಕೊಡಂಗಿಲ್ಲ. ಸಪೋರ್ಟ್ ಪರ್ಸನ್ ಅಂತ ಒಬ್ರನ್ನ ಸಮಿತಿ ಕೊಡತೈತಿ, ಸ್ಟೇಷನ್ನಿಂದ ಕೋರ್ಟಿನ ತನಕ ನಿಮ್ಮ ಜೋಡಿ ಇರ್ತಾರ.

ಪೊಲೀಸ್ ಸ್ಟೇಷನ್ ಅಂದ್ರ ಅಂಜ್ತೀರಿ. ಪೋಕ್ಸೊ 2012ರ ನವೆಂಬರ್ 14ಕ್ಕ, ಮಕ್ಕಳ ದಿನಾಚರಣೆ ದಿನ ಜಾರಿಗೆ ಬಂತು, ಅದರಾಗ ಕೂಸನ್ನ ಸ್ಟೇಷನ್ನಿಗೆ ಕರೀಬೇಕಂತ ಇಲ್ಲ. ಪೊಲೀಸರು ತಾವ ಕೂಸಿನ ಮನಿಗೆ ಬರ್ಬೇಕು, ಇಲ್ಲಾಂದ್ರ ಕೂಸಿಗೆ ಎಲ್ಲಿ ಬೇಕೋ ಅಲ್ಲಿ, ಯೂನಿಫಾರ್ಮ್ ಇಲ್ಲದ, ಆದಷ್ಟು ಮಟ್ಟಿಗೆ ಲೇಡಿ ಪಿಎಸ್‌ಐ ಒಬ್ರು ಕೂಸಿನ ಹೇಳಿಕಿ ತಗೋಬೇಕು, ಅವ್ವ ಅಪ್ಪ ಇಲ್ಲಾ ಕೂಸು ನಂಬೂ ಒಬ್ರು ಬಾಜೂಕ ಇರ್ಬೇಕು. ರಾತ್ರಿ ಮಗುವನ್ನ ಸ್ಟೇಷನ್ನಿನ್ಯಾಗ ಇಟ್ಕೊಳ್ಳೂ ಹಂಗಿಲ್ಲ. 24 ತಾಸಿನ್ಯಾಗ ಸಮಿತಿಗೂ ಸ್ಪೆಷಲ್ ಕೋರ್ಟಿಗೂ ಪೊಲೀಸರು ತಿಳಿಸಬೇಕು. ದವಾಖಾನಿ, ಸರ್ಕಾರಿ ಇರ್ಲಿ ಪ್ರೈವೇಟ್ ಇರ್ಲಿ, ಪುಕ್ಕಟೆ ನೋಡಬೇಕು, ಮೊದಲ ಎಫ್ಐಆರ್ ತಗೊಂಡ ಬರ್ರಿ ಅನ್ನೂ ಹಂಗಿಲ್ಲ, ಹುಡುಗಿ ಇದ್ರ ಲೇಡಿ ಡಾಕ್ಟರ್. ಕೋರ್ಟಿನ್ಯಾಗ ಅವನ ಮಾರಿ ಕೂಸಿಗೆ ಕಾಣದಂಗ ಪರದೆ ಇಲ್ಲಾ ವಿಡಿಯೊ. ಒಂದು ವರ್ಷದಾಗ ಕೇಸ್ ಮುಗಿಬೇಕು ಅಂತಾನೂ ಬರದಾರ, ಆದಷ್ಟು ಮಟ್ಟಿಗೆ ಅನ್ನೂ ಶಬ್ದ ಹಚ್ಚಿ. ಆ ‘ಆದಷ್ಟು ಮಟ್ಟಿಗೆ’ ಒಳಗ ಎಷ್ಟೋ ವರ್ಷ ಹೋಗ್ತಾವು, ನಾ ನಿಮಗ ಸುಳ್ಳ ಆಸೆ ಹಚ್ಚಂಗಿಲ್ಲ. ತಾರೀಖು ಮ್ಯಾಲೆ ತಾರೀಖು ಬೀಳತೈತಿ. ವಕೀಲರ ಫೀ ಚಿಂತಿ ಬ್ಯಾಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವ್ರು ಪುಕ್ಕಟೆ ಕೊಡ್ತಾರ, 15100. ಮತ್ತ ಕೂಸಿನ ಮನಸಿಗೆ ಆದ ಗಾಯಕ್ಕ ಕೋರ್ಟಿನ್ಯಾಗ ಔಷಧ ಇಲ್ಲ, ಅದಕ್ಕ ಟೆಲಿಮಾನಸ್ ಅಂತ 14416ಕ್ಕ ಹಚ್ಚಿದ್ರ ಕನ್ನಡದಾಗ ಮಾತಾಡ್ತಾರ, ಅವ್ವಗೂ ಅದು ಬೇಕಾಗ್ತೈತಿ.

ಗೊತ್ತಿದ್ದೂ ಸುಮ್ನ ಇದ್ದಾವ್ರಿಗೂ ಶಿಕ್ಷಾ ಐತಿ. ಅವತ್ತು ಸ್ಟೇಜಿನ ಮ್ಯಾಲೆ ನಾ ಎಲ್ಲಾರಿಗೂ ಒಂದು ವರ್ಷ ಅಂದುಬಿಟ್ಟಿದ್ದೆ, ತಪ್ಪು, ಇಲ್ಲಿ ಸರಿ ಮಾಡ್ತೀನಿ: ನಿಮ್ಮಂಥಾ ನನ್ನಂಥಾ ಸಾಮಾನ್ಯರಿಗೆ ಆರು ತಿಂಗಳ ತನಕ, ಸಾಲಿ, ಹಾಸ್ಟೆಲ್, ಸಂಸ್ಥಾದ ಮುಖ್ಯಸ್ಥ ತನ್ನ ಕೈಕೆಳಗಿನಾಂವ ಮಾಡಿದ್ದನ್ನ ಮುಚ್ಚಿದ್ರ ಒಂದು ವರ್ಷದ ತನಕ. ಸಾಲಿ ಹೆಸರು ಕೆಡತೈತಿ ಅಂತ ಮುಚ್ಚಿಡೂ ಹೆಡ್ ಮಾಸ್ತರಗಳು ಇದನ್ನ ಗ್ವಾಡಿಗೆ ಹಚ್ಚಿಕೊಳ್ರಿ.

ಪ್ರಶ್ನೆ ಕೇಳ್ರಿ ಅಂದಾಗ ಮೊದಲ ಯಾರೂ ಕೇಳಲಿಲ್ಲ. ಆಮ್ಯಾಲೆ ಒಬ್ರು ಹಿರ್ಯಾರು ಎದ್ದು, ‘ಊರಾಗ ಹಿರ್ಯಾರು ಕುಂತು ರಾಜಿ ಮಾಡಿಸಿದ್ರ ಆಗಂಗಿಲ್ಲೇನ್ರಿ, ಎರಡೂ ಮನಿ ಒಂದ ಓಣ್ಯಾಗ ಇರ್ಬೇಕಲ್ಲ’ ಅಂದ್ರು. ಸಿಟ್ಟಿಲೆ ಕೇಳಿದ್ದಲ್ಲ, ಖರೇನ ಕೇಳಿದ್ದು. ನಾ ಅಂದೆ, ಯಪ್ಪಾ, ಹೊಲದ ಬದು ಜಗಳ ಅಲ್ಲ ಇದು. ರಾಜಸ್ಥಾನದ ಒಂದು ಕೇಸಿನ್ಯಾಗ ಮಾಸ್ತರನ ಮ್ಯಾಲೆ ಆರೋಪ, ಹುಡುಗಿ ಅಪ್ಪ ರಾಜಿ ಆದ, ಹೈಕೋರ್ಟು ಕೇಸ್ ಕೈಬಿಟ್ಟಿತ್ತು, 2024ರ ನವೆಂಬರದಾಗ ಸುಪ್ರೀಂ ಕೋರ್ಟು ಅದನ್ನ ಒಪ್ಪಲಿಲ್ಲ, ಕೇಸು ಮತ್ತ ನಡೀಲಿ ಅಂತು. ಅಪ್ಪ ರಾಜಿ ಆಗಬಹುದು, ಕೂಸನ್ನ ಯಾರು ಕೇಳ್ಯಾರ? ಹಿರ್ಯಾರು ಕುಂದ್ರತೀವಿ ಅಂದ್ರ ಆ ಕೂಸಿನ ಮನಿಯವ್ರ ಜೋಡಿ ಯಾರೂ ಮಾತು ಬಿಡದಂಗ, ಬಾವಿ ನೀರಿಗೆ, ಕಟ್ಟಿಗೆ ಬರಬ್ಯಾಡ್ರಿ ಅಂತ ಯಾರೂ ಅನ್ನದಂಗ ನೋಡ್ಕೋರಿ, ಅದು ನಿಮ್ಮಿಂದ ಆಗೂ ಕೆಲಸ.

ಒಬ್ಬ ಅವ್ವ ಕೇಳಿದ್ಲು, ಹೆಸರು ಹೊರಗ ಬಂದ್ರ ನಾಳೆ ಹುಡುಗಿನ್ನ ಯಾರು ಮಾಡ್ಕೊಂತಾರ್ರಿ. ಹೆಸರು, ಫೋಟೋ, ಮನಿ, ಸಾಲಿ, ಓಣಿ ಯಾವುದನ್ನೂ ಪೇಪರಿನವ್ರು ಟಿವಿಯವ್ರು ಹಾಕೂ ಹಂಗಿಲ್ಲ, ಪೋಕ್ಸೊದ 23ನೇ ಕಲಮು, ವಾಟ್ಸಾಪ್ ಸ್ಟೇಟಸ್ ಇಡಾವ್ರಿಗೂ ತಪ್ಪಿದ್ದಲ್ಲ ಅದು. ಊರ ಬಾಯಿಗೆ ಕಾಯ್ದೆ ಇಲ್ಲ, ಒಪ್ತೀನಿ. ಆದ್ರ ಬನಶಂಕರಿ ಜಾತ್ರ್ಯಾಗ ಕಂಡಾಕಿಗೆ ಮದುವಿ ಆಗಿತ್ತು, ಬಗಲಾಗ ಕೂಸಿತ್ತು, ಎಲ್ಲಾ ಆಗಿತ್ತು. ಆಕಿಗೆ ಇನ್ನೂ ರಾತ್ರಿ ನಿದ್ದಿ ಬರ್ತಿದ್ದಿಲ್ಲ.

ಸುಳ್ಳ ಕೇಸ್ ಹಾಕಾವ್ರು ಇಲ್ಲೇನ್ರಿ ಅಂತ ಹಿಂದಿಂದ ಒಬ್ಬ ಹುಡುಗ. ಅದಾರ, ದೊಡ್ಡವ್ರು ಹಗೆ ಸಾಧಿಸಾಕ ಸುಳ್ಳ ದೂರು ಕೊಟ್ರ ಶಿಕ್ಷಾನೂ ಐತಿ. ಮಗು ಹೇಳಿದ್ದು ಸುಳ್ಳಾದ್ರೂ ಮಗುವಿಗೆ ಶಿಕ್ಷಾ ಇಲ್ಲ. ಒಳ್ಳೆ ಮನಸಿನಿಂದ ತಿಳಿಸಿದಾವ್ರಿಗೂ ಏನೂ ಆಗಂಗಿಲ್ಲ.

ಕಾರ್ಯಕ್ರಮ ಮುಗದು ಶಾಲು ಹೊಚ್ಚಿ, ಒಂದು ಖಣ ಕೊಟ್ಟು, ಮಿರ್ಚಿ ಭಜಿ ತಿನ್ನಿಸಿ ಕಳಿಸಾಕ ತಯಾರಾಗಿದ್ರು. ಮಂದಿ ಎಲ್ಲಾ ಹೋದ್ರು, ಓಣ್ಯಾಗ ಮಗ್ಗದ ಸಪ್ಪಳ ಮತ್ತ ಶುರು ಆಗಿತ್ತು. ಒಬ್ಬಾಕಿ ಮಾತ್ರ ಜಮಖಾನಿ ಮಡಚೂ ನೆಪಾ ಮಾಡ್ಕೊಂಡು ನಿಂತಿದ್ಲು, ಮಡಚಿದ್ದನ್ನ ಮತ್ತ ಬಿಚ್ಚಿ ಮಡಚಾಕಿ. ನಾ ಚಪ್ಪಲ್ ಹಾಕ್ಕೊಳ್ಳಾಕ ಹೊರಗ ಬಂದಾಗ ಹಿಂದಿಂದ ಬಂದು, ‘ನಮ್ಮ ಬಾಜೂ ಮನಿ ಹುಡುಗಿ ಒಂದು ಐತ್ರಿ ಅಕ್ಕೋರ, ದಿನಾ ಸಂಜಿಮುಂದ ತಲಿ ನೋಯ್ತೈತಿ ಅಂತಾಳ್ರಿ’ ಅಂದ್ಲು. ತಂಗಿ ಮಗಳು ಬಸ್ಸಿಗೆ ಹೊತ್ತಾತು ಅಂತ ಕೈಸನ್ನಿ ಮಾಡಾಕತ್ತಿದ್ಲು. ನಾ ಚಪ್ಪಲ್ ಬಿಟ್ಟು ಮತ್ತ ಒಳಗ ಹೋದೆ, ಆಕಿ ಜಮಖಾನಿ ಬಿಚ್ಚಿ ಹಾಸಿದ್ಲು, ಇಬ್ರೂ ಕುಂತ್ವಿ. ರೆಕಾರ್ಡ್ ಆಫ್ ಐತಿಲ್ಲ ಅಂತ ಎರಡು ಸಲ ಕೇಳಿದ್ಲು. ಆಫ್ ಇತ್ತು. ಮುಂದಿನದು ಬರಿಯೂ ಹಂಗಿಲ್ಲ, ಆರೂವರಿ ಬಸ್ ಹೋತು, ಎಂಟರ ಬಸ್ಸಿಗೆ ಬಂದ್ವಿ.